ಸಕಲೇಶಪುರದಿಂದ ಸ್ಯಾನ್ ಫ್ರಾನ್ಸಿಸ್ಕೊ: ಕಿಲೋಮೀಟರ್ ಬಿಡಿ, ಗಂಟೆ ಕೇಳಿ

ಪ್ರಶ್ನೆ: ನಾವು ಸಕಲೇಶಪುರದ ಹತ್ತಿರದ ಕಾಫಿ ಬೆಳೆಗಾರರು. ಮಗಳು, ಅಳಿಯ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನ್ನಿವೇಲ್‌ನಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಹೂಮಳೆ ಮುಗಿಸಿಕೊಂಡು ನಾನು, ನನ್ನ ಹೆಂಡತಿ ಮೊದಲ ಸಲ ಅಲ್ಲಿಗೆ ಹೊರಟಿದ್ದೇವೆ. ಹಣ್ಣು ಕೊಯ್ಲಿಗೆ ಮುಂಚೆ, ಅಕ್ಟೋಬರ್‌ನಲ್ಲಿ ವಾಪಸ್. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ ಅಂತ ಮೊಬೈಲ್‌ನಲ್ಲಿ ನೋಡಿದರೆ 14,000 ಕಿ.ಮೀ. ತೋರಿಸುತ್ತದೆ. ಟಿಕೆಟ್ ಏಜೆಂಟರು 16,500 ಅನ್ನುತ್ತಾರೆ. ನೇರ ವಿಮಾನ ಆದರೆ ಹೋಗುವಾಗ 16 ಗಂಟೆ, ಬರುವಾಗ ಹದಿನೇಳೂವರೆ ಗಂಟೆ ಅನ್ನುತ್ತಾಳೆ ಮಗಳು. ಒಂದೇ ದಾರಿಗೆ ಇಷ್ಟೊಂದು ಲೆಕ್ಕ ಯಾಕೆ? ಅಮೆರಿಕ ಇರುವುದು ಪಶ್ಚಿಮಕ್ಕೆ, ವಿಮಾನ ಜಪಾನ್ ಕಡೆಯಿಂದ ಯಾಕೆ ಹೋಗಬೇಕು? ಮನೆ ಬಾಗಿಲಿನಿಂದ ಲೆಕ್ಕ ಹಾಕಿದರೆ ಒಟ್ಟು ಎಷ್ಟು ಹೊತ್ತು? ನನ್ನ ಹೆಂಡತಿಗೆ ಮಂಡಿ ನೋವಿದೆ. ಗಂಟೆಗಟ್ಟಲೆ ಬರೀ ಸಮುದ್ರದ ಮೇಲೇ ಇರಬೇಕಾ ಅನ್ನುವ ಭಯವೂ ಅವಳಿಗಿದೆ.

ಉತ್ತರ: ನಮಸ್ಕಾರ. ನಿಮ್ಮ ಮೊಬೈಲೂ ಸರಿ, ಏಜೆಂಟರೂ ಸರಿ, ಮಗಳೂ ಸರಿ. ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದಾರೆ ಅಷ್ಟೆ. ವಿಮಾನ ಹೊರಡುವ ಮುಂಚೆ ಅದರ ದಾರಿ, ಇಂಧನ ಲೆಕ್ಕ ಹಾಕುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಈಗ ಹಾಸನದಲ್ಲಿದ್ದೇನೆ. ಆ ಕೆಲಸದಲ್ಲಿ ಯಾರೂ ಮೊದಲು ಕಿಲೋಮೀಟರ್ ಕೇಳುವುದಿಲ್ಲ. ‘ಇವತ್ತು ಎಷ್ಟು ಗಂಟೆ ಹಿಡಿಯುತ್ತದೆ’ ಅಂತಲೇ ಕೇಳುತ್ತಾರೆ. ನೀವೂ ಹಾಗೇ ಕೇಳಿ.

ಸಕಲೇಶಪುರದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಿಮ್ಮೂರಿನಿಂದ ಸುಬ್ರಹ್ಮಣ್ಯ ರೋಡ್‌ಗೆ ರೈಲಿನಲ್ಲಿ ಸುಮಾರು 55 ಕಿ.ಮೀ. 57 ಸುರಂಗ ದಾಟಿಕೊಂಡು ಘಾಟಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮೀರಿರುತ್ತದೆ. ಅಷ್ಟೇ ದೂರ ಬಯಲುಸೀಮೆಯಲ್ಲಾದರೆ ಒಂದು ಗಂಟೆಯೂ ಬೇಡ. ಆಕಾಶದಲ್ಲೂ ಘಾಟಿ, ಬಯಲು ಎರಡೂ ಇವೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಮೊದಲು 14,000 ಎಲ್ಲಿಂದ ಬಂತು ನೋಡೋಣ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಭೂಮಿಯ ಮೈಮೇಲೆ ಅತಿ ಹತ್ತಿರದ ದಾರಿ ಸುಮಾರು 13,990 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರಲು ಸಾಧ್ಯವೇ ಇಲ್ಲ. ಅದರಲ್ಲಿ 14,000 ಅಂದರೆ ಹತ್ತರಲ್ಲಿ ಏಳು ಪಾಲು. ನೀವು ಹೊರಟಿರುವುದು ನಿಜಕ್ಕೂ ದೂರದ ಊರಿಗೇ.

ಗೋಡೆಯ ನಕಾಶೆ ನೋಡಿದರೆ ಈ ದಾರಿ ತಿಳಿಯುವುದಿಲ್ಲ. ದುಂಡಗಿರುವ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಎಳೆದಾಗ ಉತ್ತರದ ಭಾಗಗಳು ವಿಪರೀತ ಹಿಗ್ಗುತ್ತವೆ. ಶಾಲೆಯ ನಕಾಶೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಅದು ನಮ್ಮ ಭಾರತಕ್ಕಿಂತ ಚಿಕ್ಕದು. ಹಾಗಾಗಿ ಕಾಗದದ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಹತ್ತಿರದ ದಾರಿ ಅಲ್ಲ. ಮೊಮ್ಮಕ್ಕಳ ಹತ್ತಿರ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಹೋಗುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ.

ಇಲ್ಲೇ ನಿಮ್ಮ ಪೂರ್ವ-ಪಶ್ಚಿಮದ ಪ್ರಶ್ನೆಗೂ ಉತ್ತರ ಇದೆ. ಬೆಂಗಳೂರು ಸುಮಾರು 78 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಲ್ಲಿದೆ. ಪಶ್ಚಿಮಕ್ಕೆ ಸುತ್ತಿದರೆ 200 ಡಿಗ್ರಿ ದಾಟಬೇಕು. ಪೂರ್ವಕ್ಕೆ ಸುತ್ತಿದರೆ 160 ಸಾಕು. ನ್ಯೂಯಾರ್ಕ್ ನಮಗೆ ಪಶ್ಚಿಮಕ್ಕೇ ಹತ್ತಿರ, ಅದು ಸರಿ. ಆದರೆ ನಿಮ್ಮ ಮಗಳಿರುವ ಕರಾವಳಿ ನಮಗೆ ಪೂರ್ವದಿಂದ ಹತ್ತಿರ. ಅಮೆರಿಕ ಅಂದರೆ ಪಶ್ಚಿಮ ಅಂತ ನಾವೆಲ್ಲ ಚಿಕ್ಕಂದಿನಿಂದ ಅಂದುಕೊಂಡಿರುವುದರಿಂದ ಹೀಗೆ ಗೊಂದಲ ಆಗುತ್ತದೆ.

ಹಾಗಾದರೆ ವಿಮಾನ ಆ ದಾರದ ಗೆರೆ ಹಿಡಿದೇ ಹೋಗುತ್ತದಾ? ಸಾಮಾನ್ಯವಾಗಿ ಇಲ್ಲ. ಮೊದಲ ಅಡ್ಡಿ ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ. ಎತ್ತರಕ್ಕೆ ಹಾರಿ ದಾಟುವುದು ಕಷ್ಟ ಅಲ್ಲ. ವಿಮಾನ 30-40 ಸಾವಿರ ಅಡಿಯಲ್ಲಿರುತ್ತದೆ, ಎವರೆಸ್ಟ್ 29 ಸಾವಿರ ಚಿಲ್ಲರೆ. ಚಿಂತೆ ಬೇರೆ. ಅಪರೂಪಕ್ಕೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ವಿಮಾನವನ್ನು ಬೇಗ 10,000 ಅಡಿಯ ಆಸುಪಾಸಿಗೆ ಇಳಿಸಬೇಕು. ಅಲ್ಲಿ ಜನ ಸಹಜವಾಗಿ ಉಸಿರಾಡಬಹುದು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಇಳಿಯಲು ಜಾಗವೇ ಇರುವುದಿಲ್ಲ. ಅದಕ್ಕೇ ಆ ಪ್ರದೇಶದ ಮೇಲೆ ವಿಮಾನಗಳು ಬಹಳ ಕಡಿಮೆ.

ಎರಡನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು, ಗಾಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಳಿ ಅರ್ಥವಾದರೆ ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ.

ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ನಮಗಿಂತ ಉತ್ತರದ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಪಟ್ಟಿಗಳು ಹರಿಯುತ್ತವೆ. ಇವಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಉತ್ತರದ ತಣ್ಣನೆ ಗಾಳಿಗೂ ದಕ್ಷಿಣದ ಬೆಚ್ಚನೆ ಗಾಳಿಗೂ ಇರುವ ವ್ಯತ್ಯಾಸವೇ ಇದಕ್ಕೆ ಮೂಲ. ಆ ವ್ಯತ್ಯಾಸ ಚಳಿಗಾಲದಲ್ಲಿ ಜಾಸ್ತಿ, ಹಾಗಾಗಿ ಆಗ ಗಾಳಿಯೂ ಜೋರು. ಗಂಟೆಗೆ 150-200 ಕಿ.ಮೀ. ವೇಗ ಮಾಮೂಲು. ಜಪಾನ್ ಮೇಲೆ ಚಳಿಗಾಲದಲ್ಲಿ 300 ದಾಟುವುದೂ ಉಂಟು.

ನಮ್ಮ ಕೋಣೆಯಲ್ಲಿ ಗಾಳಿಯ ನಕಾಶೆಗಳನ್ನು ಹರಡಿಕೊಂಡು ಕೂರುತ್ತಿದ್ದೆವು. 34,000 ಅಡಿಗೆ ಒಂದು, 39,000 ಅಡಿಗೆ ಒಂದು, ಹೀಗೆ. ಅದರ ಮೇಲೆಲ್ಲ ಬಾಣದ ಹಿಂಬದಿಯ ಗರಿಯಂಥ ಸಣ್ಣ ಸಣ್ಣ ಗುರುತುಗಳು. ಕಡ್ಡಿ ಗಾಳಿಯ ದಿಕ್ಕು ತೋರಿಸುತ್ತದೆ. ಅದಕ್ಕೆ ಅಂಟಿಕೊಂಡ ಅರ್ಧ ಗೆರೆ 5 ನಾಟ್, ಪೂರ್ತಿ ಗೆರೆ 10 ನಾಟ್, ಕಪ್ಪು ತ್ರಿಕೋನ 50 ನಾಟ್. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಒಂದು ಕಡ್ಡಿಗೆ ಎರಡು ತ್ರಿಕೋನ, ನಾಲ್ಕು ಗೆರೆ ಇದ್ದರೆ 140 ನಾಟ್, ಅಂದರೆ ಗಂಟೆಗೆ ಸುಮಾರು 260 ಕಿ.ಮೀ. ಜಪಾನ್ ಪಕ್ಕ ಇಂಥ ತ್ರಿಕೋನಗಳು ಸಾಲಾಗಿ ನಿಂತಿದ್ದರೆ ಅಮೆರಿಕಕ್ಕೆ ಹೋಗುವ ವಿಮಾನದ ಲೆಕ್ಕ ಹಾಕುವವನಿಗೆ ಖುಷಿ. ಅಲ್ಲಿಂದ ಬರುವ ವಿಮಾನದ ಲೆಕ್ಕ ಹಾಕುವವನಿಗೆ ಅದೇ ತಲೆನೋವು.

ಈಗ ಸುಲಭದ ಲೆಕ್ಕ ಮಾಡೋಣ. ದೊಡ್ಡ ವಿಮಾನ ತನ್ನ ಸುತ್ತಲಿನ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಗಾಳಿಯೇ ಇಲ್ಲದಿದ್ದರೆ 14,000 ಕಿ.ಮೀ.ಗೆ ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ ಸರಾಸರಿ 80 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಲೆಕ್ಕದಲ್ಲಿ ವೇಗ 980. ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷದ ಒಳಗೆ ಮುಗಿಯಿತು. ಅದೇ ಗಾಳಿ ಎದುರಿನಿಂದ ಬಂದರೆ ವೇಗ 820. ಹದಿನೇಳು ಗಂಟೆ ದಾಟಿತು. ವಿಮಾನ ಅದೇ, ಊರುಗಳು ಅವೇ, ವ್ಯತ್ಯಾಸ ಮಾತ್ರ ಎರಡೂಮುಕ್ಕಾಲು ಗಂಟೆ. ಟಿಕೆಟ್‌ನಲ್ಲಿರುವ ಸಮಯ ಇನ್ನೂ ಸ್ವಲ್ಪ ಜಾಸ್ತಿ ಇರುತ್ತದೆ. ಗೇಟಿನಿಂದ ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು, ಮತ್ತೆ ಗೇಟಿಗೆ ಬರುವುದು ಎಲ್ಲ ಅದರಲ್ಲಿ ಸೇರಿರುತ್ತದೆ. ನಿಮ್ಮ ಮಗಳು ಹೇಳಿದ 16 ಮತ್ತು ಹದಿನೇಳೂವರೆ ಬಂದದ್ದು ಹೀಗೆ.

ಗಾಳಿಯ ಆಟಕ್ಕೆ ನಮ್ಮದೇ ದೇಶದ ಒಳ್ಳೆಯ ಉದಾಹರಣೆ ಇದೆ. ಏರ್ ಇಂಡಿಯಾ ಮೊದಲು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಮೇಲಿಂದ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ ಪೆಸಿಫಿಕ್ ಮೇಲಿಂದ ಹಾರಿಸಿದರು. ದೂರ ಸುಮಾರು 15,300 ಕಿ.ಮೀ. ಆಯಿತು, 1,400 ಕಿ.ಮೀ. ಜಾಸ್ತಿ. ಆದರೆ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಉಳಿತಾಯ. ದೂರ ಹೆಚ್ಚಾಗಿ ಸಮಯ ಕಡಿಮೆ ಆಯಿತು, ನೋಡಿ. ಯಾರಾದರೂ ಬರೀ ಕಿಲೋಮೀಟರ್ ಹೇಳಿದರೆ ನಂಬಬೇಡಿ ಅನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಅದಕ್ಕೇ ನಿಮ್ಮ ವಿಮಾನ ಜಪಾನ್ ಕಡೆಯಿಂದ ಹೋಗುವುದು. ಗಾಳಿ ಅನುಕೂಲವಾಗಿದ್ದರೆ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್ ಆಸುಪಾಸು, ಆಮೇಲೆ ಪೆಸಿಫಿಕ್. ಸುತ್ತು ಅನಿಸಿದರೂ ಬೇಗ ಮುಟ್ಟುತ್ತದೆ.

ವಾಪಸ್ ಬರುವಾಗ ಏನು ಮಾಡುತ್ತಾರೆ? ಎದುರುಗಾಳಿಯ ಪಟ್ಟಿಯಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ಇನ್ನೂ ಉತ್ತರಕ್ಕೆ ಹೋದರೆ ಗಾಳಿ ಸಾಮಾನ್ಯವಾಗಿ ಕಡಿಮೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ. ಅವರು ಉತ್ತರ ಧ್ರುವದ ಮೇಲಿಂದ ಬಂದರು. 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದಾಗ ಹದಿನೇಳು ಗಂಟೆ ಮೀರಿತ್ತು. ಧ್ರುವದ ಮೇಲಿಂದ ಲೆಕ್ಕ ಹಾಕಿದರೂ ದೂರ 14,400 ಕಿ.ಮೀ. ಒಳಗೇ ಬರುತ್ತದೆ. ಸುತ್ತು ಹೆಚ್ಚೇನೂ ಇಲ್ಲ. ಆದರೆ ಆ ದಾರಿಗೆ ಬೇರೆ ಎಚ್ಚರ ಬೇಕು. ವಿಮಾನದ ಇಂಧನ ಮೈನಸ್ 47 ಡಿಗ್ರಿಯ ಹತ್ತಿರ ಗಟ್ಟಿಯಾಗಲು ಶುರುವಾಗುತ್ತದೆ. ಹೊರಗಿನ ಚಳಿ ಅದಕ್ಕಿಂತ ಜಾಸ್ತಿ ಇರಬಹುದು. ರೆಕ್ಕೆಯಲ್ಲಿರುವ ಇಂಧನ ಎಷ್ಟು ತಣ್ಣಗಾಗಿದೆ ಅಂತ ಪೈಲಟ್‌ಗಳು ಗಮನಿಸುತ್ತಲೇ ಇರುತ್ತಾರೆ. ಅಗತ್ಯ ಬಿದ್ದರೆ ಕೆಳಗಿಳಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ನಡುವೆ ಒಂದು ಮಾತು. ‘ಭೂಮಿ ತಿರುಗುತ್ತಿದೆಯಲ್ಲ, ಅದಕ್ಕೇ ಒಂದು ಕಡೆ ಬೇಗ, ಇನ್ನೊಂದು ಕಡೆ ತಡ’ ಅಂತ ಬಹಳ ಜನ ಹೇಳುತ್ತಾರೆ. ಓದಿದವರೂ ಹೇಳುತ್ತಾರೆ. ಹಾಗಲ್ಲ. ಹಾಸನ, ಸಕಲೇಶಪುರ ಇರುವ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,625 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆ ಲೆಕ್ಕ ನೇರವಾಗಿ ಹಿಡಿದರೆ ಮೇಲಕ್ಕೆ ಹಾರಿ ಸುಮ್ನೆ ನಿಂತರೂ ಸಾಕಿತ್ತು, ಊರೇ ನಮ್ಮ ಕೆಳಗೆ ಬರುತ್ತಿತ್ತು. ಹಾಗೆ ಆಗುವುದಿಲ್ಲ, ಅಲ್ವಾ? ನೆಲದ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಭೂಮಿಯ ತಿರುಗಾಟ ಮಾಡುವ ಕೆಲಸ ಒಂದೇ. ಉತ್ತರಕ್ಕೆ ಸಾಗುವ ಗಾಳಿಯನ್ನು ಪೂರ್ವಕ್ಕೆ ತಿರುಗಿಸಿ ಆ ಜೆಟ್ ಸ್ಟ್ರೀಮ್ ಹುಟ್ಟಲು ಕಾರಣವಾಗುತ್ತದೆ. ಸಮಯದ ವ್ಯತ್ಯಾಸ ಗಾಳಿಯದ್ದು.

ಮೂರನೆಯ ಅಡ್ಡಿ ದೇಶಗಳ ಗಡಿ. ಆಕಾಶಕ್ಕೂ ಗಡಿ ಇದೆ, ದಾಟಲು ಅನುಮತಿ ಬೇಕು, ಶುಲ್ಕ ಕಟ್ಟಬೇಕು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿದರು, ಆಮೇಲೆ ತಿಂಗಳು ತಿಂಗಳಿಗೆ ಮುಂದುವರಿಸುತ್ತಾ ಹೋದರು. 2022ರ ಫೆಬ್ರವರಿಯ ನಂತರ ರಷ್ಯಾದ ಆಕಾಶ ಯುರೋಪ್, ಅಮೆರಿಕದ ವಿಮಾನ ಕಂಪನಿಗಳಿಗೆ ಸಿಗುತ್ತಿಲ್ಲ. ಪಾಕಿಸ್ತಾನದ ಹೊಡೆತ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಜಾಸ್ತಿ. ನೀವು ಪೂರ್ವದ ಕಡೆಯಿಂದ ಹೋದರೆ ಅದು ನಿಮ್ಮ ದಾರಿಗೆ ಅಡ್ಡ ಬರುವುದಿಲ್ಲ.

ಇನ್ನು ಏಜೆಂಟರ 16,500. ಅವರು ನಿಮಗೆ ಫ್ರಾಂಕ್‌ಫರ್ಟ್ ಮೂಲಕ ಹೋಗುವ ಟಿಕೆಟ್ ತೋರಿಸಿರಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 7,400 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 9,150. ಕೂಡಿಸಿದರೆ 16,550. ದುಬೈ ಮೂಲಕ ಆದರೆ 2,700 ಮತ್ತು 13,040, ಒಟ್ಟು 15,740. ಸಿಂಗಾಪುರದ ಮೂಲಕ 3,180 ಮತ್ತು 13,590, ಒಟ್ಟು 16,770. ಟೋಕಿಯೊದ ನರಿತಾ ಮೂಲಕ 6,700 ಮತ್ತು 8,230, ಒಟ್ಟು 14,930. ಇವೆಲ್ಲ ಎರಡೆರಡು ಊರಿನ ನಡುವಿನ ಅತಿ ಹತ್ತಿರದ ದಾರಿಯ ಲೆಕ್ಕ. ನಿಜವಾಗಿ ಹಾರುವುದು ಇದಕ್ಕಿಂತ ಸ್ವಲ್ಪ ಜಾಸ್ತಿಯೇ.

ಟೋಕಿಯೊ ನೋಡಿದಿರಾ? ನೇರ ದಾರಿಗಿಂತ ಬರೀ 940 ಕಿ.ಮೀ. ಹೆಚ್ಚು. ಅದರ ಮೇಲೆ ಪೆಸಿಫಿಕ್ ದಾಟುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ. ಬೆಂಗಳೂರಿನಿಂದ ನರಿತಾಕ್ಕೆ ಸುಮಾರು 8 ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂಬತ್ತು, ಒಂಬತ್ತೂವರೆ. ಹಾರಾಟವೆಲ್ಲ ಸೇರಿ ಹದಿನೇಳೂವರೆಯ ಒಳಗೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಎರಡೂ ಹಾರಾಟ ಪಶ್ಚಿಮದ ಕಡೆಗೇ, ಹಾಗಾಗಿ ಹತ್ತು ಗಂಟೆ ಮತ್ತು ಹನ್ನೊಂದೂವರೆ ಗಂಟೆ ಅಂತ ಇಪ್ಪತ್ತೊಂದರ ಮೇಲೆ ಹೋಗುತ್ತದೆ. ದುಬೈ ಮೂಲಕ ಹಾರಾಟ ಸುಮಾರು 20 ಗಂಟೆ. ಆದರೆ ಅದರಲ್ಲಿ ಒಂದೇ ತುಂಡು ಹದಿನಾರರ ಹತ್ತಿರ. ವಾಪಸ್ ಬರುವಾಗ ಕಥೆ ಬದಲಾಗುತ್ತದೆ. ಟೋಕಿಯೊ ದಾರಿಗೆ ಎದುರುಗಾಳಿ, ಯುರೋಪ್ ದಾರಿಗೆ ಹಿಂದಿನ ಗಾಳಿ. ಹೋಗಲು ಪೂರ್ವದ ದಾರಿ, ಬರಲು ಪಶ್ಚಿಮದ ದಾರಿ ಸಿಕ್ಕಿದರೆ ಎರಡೂ ಸಲ ಗಾಳಿ ನಿಮ್ಮ ಕಡೆಗೇ. ಆದರೆ ಒಂದೇ ಕಂಪನಿಯ ಟಿಕೆಟ್‌ನಲ್ಲಿ ಹಾಗೆ ಹೊಂದುವುದು ಅಪರೂಪ. ಅದಕ್ಕಾಗಿ ಹಣ ಜಾಸ್ತಿ ಕೊಡುವ ಅಗತ್ಯ ಇಲ್ಲ.

ನೇರ ವಿಮಾನದ ಬಗ್ಗೆ ಒಂದು ಎಚ್ಚರ. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ನೇರ ಸೇವೆ ಶುರುವಾದ ಮೇಲೆ ನಿಂತು, ಮತ್ತೆ ಓಡಿದ್ದುಂಟು. ಇಷ್ಟು ದೂರದ ಹಾರಾಟ ಕಂಪನಿಗೂ ಸುಲಭ ಅಲ್ಲ. ಮೊದಲ ಹಾರಾಟದಲ್ಲಿ ಬಳಸಿದ ಬೋಯಿಂಗ್ 777-200ಎಲ್‌ಆರ್ ಮಾದರಿಯ ಟ್ಯಾಂಕ್‌ಗಳಲ್ಲಿ 1.8 ಲಕ್ಷ ಲೀಟರ್ ಇಂಧನ ಹಿಡಿಯುತ್ತದೆ. ಹೊರಡುವಾಗ ಆ ಭಾರ ಹೊತ್ತುಕೊಂಡು ಪೂರ್ತಿ ಎತ್ತರಕ್ಕೆ ಏರಲೂ ಆಗುವುದಿಲ್ಲ. ಮೊದಲು 29-31 ಸಾವಿರ ಅಡಿ, ಇಂಧನ ಸುಟ್ಟು ಹಗುರಾದಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ. ಇಂಧನದ ಒಂದು ದೊಡ್ಡ ಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಇಂಧನದ ಬೆಲೆ ಏರಿದರೆ, ಯಾವುದೋ ದೇಶದ ಆಕಾಶ ಮುಚ್ಚಿದರೆ ಮೊದಲು ಪೆಟ್ಟು ತಿನ್ನುವುದು ಇಂಥ ಉದ್ದದ ಸೇವೆಗಳೇ. ನಿಮ್ಮ ತಾರೀಕಿಗೆ ನೇರ ವಿಮಾನ ಇದೆಯಾ, ನಡುವೆ ಇಂಧನಕ್ಕಾಗಿ ಎಲ್ಲಾದರೂ ಇಳಿಯುತ್ತದಾ ಅಂತ ಬುಕ್ ಮಾಡುವಾಗ ಕೇಳಿಕೊಳ್ಳಿ.

ಸಮುದ್ರದ ಭಯ ಸಹಜ. ಮನೆಯವರಿಗೆ ಇಷ್ಟು ಹೇಳಿ. ವಿಮಾನ ಪೆಸಿಫಿಕ್‌ನ ನಟ್ಟನಡುವೆ ಹೋಗುವುದಿಲ್ಲ. ದಾರಿ ಉತ್ತರದ ಕಡೆ ಬಾಗಿರುತ್ತದೆ. ಜಪಾನ್ ಬಿಟ್ಟ ಮೇಲೆ ಅಲ್ಯೂಷಿಯನ್ ದ್ವೀಪಗಳು, ಅಲಾಸ್ಕಾ ಕರಾವಳಿ ಎಡಗಡೆಗೆ ಇರುತ್ತವೆ. ಎರಡು ಎಂಜಿನ್‌ನ ವಿಮಾನಗಳಿಗೆ ಕಟ್ಟುನಿಟ್ಟಾದ ನಿಯಮ ಇದೆ. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ನಿಗದಿತ ನಿಮಿಷಗಳ ಒಳಗೆ ಒಂದು ನಿಲ್ದಾಣ ಮುಟ್ಟುವಷ್ಟು ಹತ್ತಿರದಲ್ಲೇ ದಾರಿ ಹಾಕಬೇಕು. ನಮ್ಮ ಲೆಕ್ಕದ ಹಾಳೆಯಲ್ಲಿ ಈ ನಿಲ್ದಾಣಗಳ ಹೆಸರು ಬರೆಯದೆ ವಿಮಾನ ಬಿಡುವಂತೆಯೇ ಇಲ್ಲ. ಆಂಕರೇಜ್, ಕೋಲ್ಡ್ ಬೇ ಅಂತ ಅಲಾಸ್ಕಾದ ಹೆಸರುಗಳು ಅದರಲ್ಲಿ ಬರುತ್ತವೆ. ಅಲ್ಲಿ ಆ ಹೊತ್ತಿಗೆ ಮಂಜು ಇದೆಯಾ, ರನ್‌ವೇ ತೆರೆದಿದೆಯಾ ಅಂತ ಮೊದಲೇ ನೋಡಿಕೊಂಡಿರುತ್ತಾರೆ. ಅಷ್ಟು ದೂರ ಹೋಗಲು ಬೇಕಾದ ಇಂಧನವೂ ಟ್ಯಾಂಕ್‌ನಲ್ಲಿ ಇರಬೇಕು.

ಸಾಗರದ ನಡುವೆ ನೆಲದ ರೇಡಾರ್ ಕಣ್ಣು ಮುಟ್ಟುವುದಿಲ್ಲ, ನಿಜ. ಆದರೆ ವಿಮಾನ ತಾನಿರುವ ಜಾಗವನ್ನು ಉಪಗ್ರಹದ ಮೂಲಕ ತಿಳಿಸುತ್ತಿರುತ್ತದೆ. ಹಾಸನದಲ್ಲಿ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ದೊಡ್ಡ ಡಿಶ್‌ಗಳನ್ನು ನೀವು ನೋಡಿಯೇ ಇರುತ್ತೀರಿ. 1982ರಿಂದ ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಅವು ಇರುವುದು ಸುಮಾರು 36,000 ಕಿ.ಮೀ. ಮೇಲೆ, ನೀವು ಹೊರಟಿರುವ ದೂರದ ಎರಡೂವರೆ ಪಟ್ಟು. ಅಷ್ಟು ಎತ್ತರಕ್ಕೆ ಹೋಗಿ ಮತ್ತೆ ಕೆಳಗೆ ಬರಲು ಸಿಗ್ನಲ್‌ಗೆ ಕಾಲು ಸೆಕೆಂಡ್ ಸಾಕು. ವಿಮಾನಗಳು ಬಳಸುವ ಉಪಗ್ರಹಗಳು ಬೇರೆ, ಆದರೆ ಕೆಲಸ ಮಾಡುವ ರೀತಿ ಇದೇ.

ಈಗ ಮನೆ ಬಾಗಿಲಿನ ಲೆಕ್ಕ. ಸಕಲೇಶಪುರದಿಂದ ದೇವನಹಳ್ಳಿಗೆ ಗೆರೆ ಎಳೆದರೆ 210 ಕಿ.ಮೀ., ರಸ್ತೆಯಲ್ಲಿ ಸುಮಾರು 250. ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲ. ಅಲ್ಲಿಂದ ಬೆಂಗಳೂರು ಪೇಟೆಗೆ ಹೋಗದೆ ದೊಡ್ಡಬಳ್ಳಾಪುರದ ಕಡೆಯಿಂದ ದೇವನಹಳ್ಳಿ. ನಗರದೊಳಗೆ ಮಾತ್ರ ಹೋಗಬೇಡಿ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಯಾವಾಗ ಅಂತ ಹೇಳಲಾಗದು. ತಿಂಡಿಗೆ, ಕಾಫಿಗೆ ನಿಲ್ಲಿಸುವುದೂ ಸೇರಿ ಐದು ಗಂಟೆ ಇಟ್ಟುಕೊಳ್ಳಿ. ನಿಲ್ದಾಣಕ್ಕೆ ವಿಮಾನದ ಸಮಯಕ್ಕಿಂತ ಮೂರು ಗಂಟೆ ಮುಂಚೆ ಇರಬೇಕು. ಆಮೇಲೆ ನೇರ ವಿಮಾನ ಸಿಕ್ಕಿದರೆ 16 ಗಂಟೆ. ಅಲ್ಲಿ ಇಳಿದು ಇಮಿಗ್ರೇಷನ್, ಲಗೇಜ್ ಮುಗಿಸಲು ಒಂದೂವರೆ ಗಂಟೆ. ಸನ್ನಿವೇಲ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಒಟ್ಟು 26 ಗಂಟೆ ದಾಟುತ್ತದೆ. ಟೋಕಿಯೊದಲ್ಲಿ ಮೂರು ಗಂಟೆ ಬಿಡುವಿರುವ ಟಿಕೆಟ್ ಆದರೆ 31. ಫ್ರಾಂಕ್‌ಫರ್ಟ್ ಆದರೆ 35ರ ಆಸುಪಾಸು. ಅಂದರೆ ಒಂದೂವರೆ ದಿನ ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಬಜ್ಪೆ ನಿಮಗೆ ಹತ್ತಿರ, ಅಲ್ಲಿಂದ ದುಬೈಗೆ ಹೋಗಿ ಮುಂದಿನ ವಿಮಾನ ಹಿಡಿಯೋಣ ಅಂತ ಯಾರಾದರೂ ಹೇಳಬಹುದು. ಎರಡು ಬೇರೆ ಬೇರೆ ಟಿಕೆಟ್ ಆದರೆ ನಾನು ಬೇಡ ಅನ್ನುತ್ತೇನೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಲಗೇಜ್ ಕೂಡ ನೀವೇ ತೆಗೆದುಕೊಂಡು ಮತ್ತೆ ಕೊಡಬೇಕಾಗಬಹುದು. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಜವಾಬ್ದಾರಿ. ಮಳೆಗಾಲದಲ್ಲಾದರೆ ಶಿರಾಡಿ ಘಾಟಿಯನ್ನು ನಂಬುವಂತೆಯೂ ಇಲ್ಲ. ಮಾರನಹಳ್ಳಿ ಆಸುಪಾಸಿನಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುವುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ಮಂಡಿ ನೋವಿರುವವರಿಗೆ ನೇರ ವಿಮಾನವೇ ಒಳ್ಳೆಯದಾ, ಇಳಿದು ಹತ್ತುವುದು ಒಳ್ಳೆಯದಾ? ಬಹಳ ಜನ ನೇರ ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ. ಬಹಳ ಹೊತ್ತು ಕಾಲು ಆಡಿಸದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಎಂಟೊಂಬತ್ತು ಗಂಟೆಯ ಎರಡು ತುಂಡು, ನಡುವೆ ಮೂರು ಗಂಟೆ ಬಿಡುವು ಅಂಥವರಿಗೆ ವಾಸಿ. ಅದಕ್ಕೇ ಹೋಗುವಾಗ ಟೋಕಿಯೊ ದಾರಿ ಹೊಂದಿದರೆ ನನ್ನ ಮೊದಲ ಆಯ್ಕೆ ಅದೇ. ದುಬೈ ದಾರಿಯಲ್ಲಿ ಹತ್ತಿ ಇಳಿಯುವ ಕಷ್ಟವೂ ಇದೆ, ಉದ್ದದ ಹಾರಾಟವೂ ತಪ್ಪುವುದಿಲ್ಲ. ಯಾವುದನ್ನೇ ಆರಿಸಿದರೂ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಅದಕ್ಕೆ ದುಡ್ಡಿಲ್ಲ, ಸಂಕೋಚವೂ ಬೇಡ. ನಿಲ್ದಾಣಗಳಲ್ಲಿ ನಡೆಯುವ ದೂರವೇ ಬಹಳ ಇರುತ್ತದೆ. ನಡುದಾರಿಯ ಪಕ್ಕದ ಸೀಟು ಕೇಳಿ, ಎದ್ದು ಓಡಾಡಲು ಅನುಕೂಲ. ಬಿಪಿ, ಶುಗರ್ ಮಾತ್ರೆ ಇದ್ದರೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಯಾಕೆಂದರೆ ಗಡಿಯಾರವೇ ತಲೆಕೆಳಗಾಗುತ್ತದೆ. ಮಾತ್ರೆ ಕೈಚೀಲದಲ್ಲಿರಲಿ, ದೊಡ್ಡ ಲಗೇಜ್‌ನಲ್ಲಿ ಬೇಡ.

ಹೊತ್ತು ಹೋಗಲು ಒಂದು ಉಪಾಯ ಹೇಳುತ್ತೇನೆ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನದ ನಕಾಶೆ ಬರುತ್ತದೆ. ಅದರಲ್ಲಿ ನೆಲದ ವೇಗ ಅಂತ ಒಂದು ಸಂಖ್ಯೆ ಇರುತ್ತದೆ. ಜಪಾನ್ ಬಿಟ್ಟ ಮೇಲೆ ಅದು 1,000 ದಾಟಿ ಓಡುವುದನ್ನು ನೋಡಬಹುದು. ಅದೇ ದಾರಿಯಲ್ಲಿ ವಾಪಸ್ ಬಂದರೆ 800ಕ್ಕೆ ಇಳಿದಿರುತ್ತದೆ. ಎಂಜಿನ್ ಸದ್ದು ಎರಡು ಸಲವೂ ಒಂದೇ. ಈ ಪತ್ರದಲ್ಲಿ ನಾನು ಗಾಳಿಯ ಬಗ್ಗೆ ಬರೆದದ್ದೆಲ್ಲ ಆ ಒಂದು ಸಂಖ್ಯೆಯಲ್ಲಿ ಕಾಣುತ್ತದೆ.

ಕೊನೆಗೆ ತಾರೀಕಿನ ವಿಷಯ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೆಯ ಭಾನುವಾರದವರೆಗೆ ಹದಿಮೂರೂವರೆ ಗಂಟೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ದೇವನಹಳ್ಳಿಯಿಂದ ಹೊರಟು 16 ಗಂಟೆ ಹಾರಿದರೆ ನಮ್ಮಲ್ಲಿ ಮಂಗಳವಾರ ಬೆಳಗ್ಗೆ ಆರು. ಅಲ್ಲಿ ಇನ್ನೂ ಸೋಮವಾರ ಸಂಜೆ ಐದೂವರೆ. ಹೊರಟ ದಿನವೇ ತಲುಪಿದಂತೆ. ಬರುವಾಗ ಉಲ್ಟಾ. ಸೋಮವಾರ ರಾತ್ರಿ ಒಂಬತ್ತಕ್ಕೆ ಅಲ್ಲಿಂದ ಹೊರಟರೆ, ಹದಿನೇಳೂವರೆ ಗಂಟೆ ಹಾರಿ ಇಳಿಯುವಾಗ ನಮ್ಮಲ್ಲಿ ಬುಧವಾರ ಬೆಳಗಿನ ಜಾವ ಮೂರು. ಮಂಗಳವಾರದ ಬಹುಪಾಲು ದಾರಿಯಲ್ಲೇ ಹೋಯಿತು. ಊರಿನಿಂದ ಕಾರು ಕಳಿಸುವವರು ಇಲ್ಲೇ ಎಡವುವುದು. ಡ್ರೈವರ್‌ಗೆ ‘ಮಂಗಳವಾರ ರಾತ್ರಿ ಮೂರಕ್ಕೆ’ ಅಂತ ಬಾಯಲ್ಲಿ ಹೇಳಬೇಡಿ. ಟಿಕೆಟ್‌ನಲ್ಲಿ ಬೆಂಗಳೂರು ತಲುಪುವ ಸಾಲಿನಲ್ಲಿ ಏನಿದೆಯೋ ಅದೇ ತಾರೀಕು, ಅದೇ ಗಂಟೆ ಬರೆದು ವಾಟ್ಸಾಪ್ ಮಾಡಿ. ಅವರು ಹಿಂದಿನ ದಿನ ಸಂಜೆಯೇ ಸಕಲೇಶಪುರ ಬಿಟ್ಟು ಬರಲಿ.